ಕೆಲಸ ಹೋದಾಗ ಕೈಗೆ ಬರಬೇಕಾದ ಹಣ

ಕೆಲಸಗಾರ ಯಾವ ತಪ್ಪೂ ಮಾಡಿಲ್ಲ. ಮಾಲೀಕರಿಗೆ ಆರ್ಡರ್ ಕಡಿಮೆಯಾಗಿದೆ, ಜನ ಹೆಚ್ಚಾಗಿದ್ದಾರೆ ಎಂಬ ಕಾರಣಕ್ಕೆ ಮನೆಗೆ ಕಳುಹಿಸುತ್ತಾರೆ. ಇದನ್ನು ಕಾನೂನು ರಿಟ್ರೆಂಚ್‌ಮೆಂಟ್ ಎನ್ನುತ್ತದೆ, ಇದಕ್ಕೆ ಪರಿಹಾರ ಕೊಡಲೇಬೇಕು. ಕೆಲಸಗಾರನೇ ಬಿಟ್ಟು ಹೋದರೆ ಅದು ರಾಜೀನಾಮೆ, ಅದಕ್ಕೆ ಪರಿಹಾರವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯಿಂದ ಮೈಸೂರಿನ ಹೂಟಗಳ್ಳಿ, ಹೆಬ್ಬಾಳು, ಕೂರ್ಗಳ್ಳಿಯ ಕಾರ್ಖಾನೆಗಳಿಗೆ ಹೋಗಿಬರುವವರಾಗಲಿ, ಬೈಲಕುಪ್ಪೆಯ ಹೋಟೆಲು ಅಂಗಡಿಗಳಲ್ಲಿ ದುಡಿಯುವವರಾಗಲಿ, ಕೆಲಸ ಹೋದಾಗ ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇವೆರಡನ್ನೂ ಅದಲುಬದಲು ಮಾಡುವ ಒಂದು ಸಹಿಯಿಂದ.

ಆ ಸಹಿ ಹಾಕಿಸುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಎಚ್‌ಆರ್ ಕಚೇರಿಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ‘ಇದಕ್ಕೆ ಸೈನ್ ಮಾಡಿದರೆ ಸೆಟ್ಲ್‌ಮೆಂಟ್ ಈವತ್ತೇ ಅಕೌಂಟಿಗೆ ಬರುತ್ತೆ, ಇಲ್ಲದಿದ್ದರೆ ಪಿಎಫ್ ಕೂಡ ಸಿಗಲ್ಲ’ ಎನ್ನುತ್ತಾರೆ. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ, ಇನ್ನು ಯಾವ ಬಾಕಿಯೂ ಬರಬೇಕಾಗಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಪಿಎಫ್ ಸಿಗುವುದಿಲ್ಲ ಎಂಬುದು ಶುದ್ಧ ಸುಳ್ಳು. ಆ ಹಣ ಕೆಲಸಗಾರನ ಖಾತೆಯಲ್ಲಿರುವುದು, ತಡೆಹಿಡಿಯುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ. ಬಾಕಿ ಸಂಬಳವೂ ಅಷ್ಟೇ: ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಅದನ್ನು ಪಡೆಯಲು ರಾಜೀನಾಮೆ ಬರೆದುಕೊಡಬೇಕಾದ್ದೇ ಇಲ್ಲ.

ಸಹಿಯ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ 8 ವರ್ಷ ದುಡಿದ, ತಿಂಗಳಿಗೆ 13,000 ರೂಪಾಯಿ ಸಂಬಳದ ಒಬ್ಬ ಹೆಂಗಸು ಇದ್ದಾರೆಂದುಕೊಳ್ಳೋಣ. ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ಪರಿಹಾರ 52,000. ಮೊದಲೇ ನೋಟಿಸ್ ಕೊಡದಿದ್ದರೆ ಒಂದು ತಿಂಗಳ ಸಂಬಳ 13,000. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಂತೆ ಮರುಕೌಶಲ ನಿಧಿಗೆ ಮಾಲೀಕ ಕಟ್ಟುವ, 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕಾದ 15 ದಿನದ ಸಂಬಳ 6,500. ಗ್ರಾಚ್ಯುಟಿಗೆ ತಿಂಗಳನ್ನು 26 ದಿನವೆಂದು ಹಿಡಿಯುತ್ತಾರೆ, ಅದು ವರ್ಷಕ್ಕೆ 7,500ರಂತೆ 60,000. ಒಟ್ಟು 1,31,500. ರಾಜೀನಾಮೆಗೆ ಸಹಿ ಹಾಕಿದರೆ ಉಳಿಯುವುದು ಗ್ರಾಚ್ಯುಟಿ ಮಾತ್ರ, 71,500 ರೂಪಾಯಿ ಹೋಯಿತು. ಅದರ ಜೊತೆಗೆ, ಮತ್ತೆ ಜನ ಬೇಕಾದಾಗ ತೆಗೆದುಹಾಕಿದವರಿಗೇ ಮೊದಲು ಕೆಲಸ ಕೊಡಬೇಕೆಂಬ ಹಕ್ಕೂ ಹೋಗುತ್ತದೆ.

ಈ ಪರಿಹಾರಕ್ಕೆ ಒಂದು ವರ್ಷದ ಸತತ ಸೇವೆ, ಅಂದರೆ 12 ತಿಂಗಳಲ್ಲಿ 240 ದಿನದ ಕೆಲಸ ಇರಬೇಕು. ಗ್ರಾಚ್ಯುಟಿಗೆ 5 ವರ್ಷ. ಆದರೆ ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದು ವರ್ಷಕ್ಕೇ ಬರುತ್ತದೆ. ಈ ಬದಲಾವಣೆ 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಿಂದ ಆದದ್ದು. ಅದಕ್ಕಿಂತ ಮೊದಲು ಕೆಲಸ ಹೋದವರಿಗೆ 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಅನ್ವಯ. ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಕೆಲಸಗಾರರ ಕಾರ್ಖಾನೆಗೇ ಇತ್ತು, ಈಗ ಅದನ್ನು 300ಕ್ಕೆ ಏರಿಸಿದ್ದಾರೆ. ಸಣ್ಣ ಊರುಗಳ ಕೆಲಸಗಾರರಿಗೆ ಇದು ದೊಡ್ಡ ನಷ್ಟ. ಹಂಗಾಮಿನಲ್ಲಿ ಮಾತ್ರ ನಡೆಯುವ ಕಾರ್ಖಾನೆಗಳಿಗೆ ಈ ಅನುಮತಿಯ ನಿಯಮ ಇಲ್ಲವೇ ಇಲ್ಲ. ಅಲ್ಲಿ ಗ್ರಾಚ್ಯುಟಿಯೂ ಒಂದು ಹಂಗಾಮಿಗೆ 7 ದಿನದ ಸಂಬಳದ ಲೆಕ್ಕದಲ್ಲಿ ಬರುತ್ತದೆ.

ಒಟ್ಟಾಗಿ ನಿಂತವರಿಗೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಶ್ರೀರಂಗಪಟ್ಟಣದ್ದು. 2020ರ ಜೂನ್‌ನಲ್ಲಿ ಅಲ್ಲಿನ ಯೂರೋ ಕ್ಲೋದಿಂಗ್ ಗಾರ್ಮೆಂಟ್ಸ್ ಘಟಕದಲ್ಲಿ 1,200ಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಹೆಂಗಸರನ್ನು, ಲೇ-ಆಫ್ ಮಾಡಲಾಯಿತು. ಅವರು ವಾರಗಟ್ಟಲೆ ಧರಣಿ ಕುಳಿತರು, ಯೂನಿಯನ್ ಬೆನ್ನಿಗೆ ನಿಂತಿತು. 2021ರ ಫೆಬ್ರುವರಿಯಲ್ಲಿ ಮರುನೇಮಕದ ಒಪ್ಪಂದವಾಯಿತು. ಯೂನಿಯನ್ ಇಲ್ಲದ ಕಡೆ ಒಬ್ಬಂಟಿ ಕೆಲಸಗಾರ ಮಾಡಬಹುದಾದದ್ದು ಸಣ್ಣದು, ಆದರೆ ಅದೇ ಮುಖ್ಯ: ಕಾಗದದ ಫೋಟೋ ತೆಗೆದುಕೊಳ್ಳುವುದು, ಮನೆಯಲ್ಲಿ ಓದಿಸಿ ನಾಳೆ ಹೇಳುತ್ತೇನೆ ಎನ್ನುವುದು.

ಸಹಿ ಆಗಿಯೇ ಹೋಗಿದ್ದರೆ? ಆಗಲೂ ದಾರಿ ಮುಚ್ಚಿಲ್ಲ, ಆದರೆ ದಿನಗಳು ಮುಖ್ಯ. ಒತ್ತಾಯದಿಂದ ಸಹಿ ಪಡೆದರೆಂದು, ಯಾವ ದಿನ, ಯಾರ ಎದುರು ಎಂದು ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು. ವಾರದೊಳಗೆ ಬರೆದ ಪತ್ರವನ್ನು ನ್ಯಾಯಾಲಯ ನಂಬುವ ಸಾಧ್ಯತೆ ಹೆಚ್ಚು, ವರ್ಷದ ನಂತರದ ಮಾತನ್ನು ನಂಬುವುದು ಕಷ್ಟ. ಖಾತೆಗೆ ಬಂದ ಹಣವನ್ನು ವಾಪಸ್ ಕಳುಹಿಸಬೇಕಾಗಿಲ್ಲ, ಪೂರ್ಣ ಇತ್ಯರ್ಥಕ್ಕೆ ಒಪ್ಪದೆ ತೆಗೆದುಕೊಂಡಿದ್ದೇನೆ ಎಂದು ಅದೇ ಪತ್ರದಲ್ಲಿ ಬರೆದರೆ ಸಾಕು. ಕೆಲಸಕ್ಕೆ ಸೇರುವಾಗಲೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನೂ ಅಲ್ಲಿಯೇ ಹೇಳಬೇಕು.

ದಾಖಲೆಗಳನ್ನು ಕೆಲಸ ಇರುವಾಗಲೇ ಕೂಡಿಸಿಡುವುದು ಉತ್ತಮ. ಸಂಬಳದ ಚೀಟಿ, ಗುರುತಿನ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಪಿಎಫ್‌ನ ಯುಎಎನ್ ಸಂಖ್ಯೆ. ನೇಮಕಾತಿ ಪತ್ರವನ್ನೇ ಕೊಡದ ಮಾಲೀಕರು ಬೇಕಾದಷ್ಟಿದ್ದಾರೆ. ಅಂಥ ಕಡೆ ಪಿಎಫ್ ಪಾಸ್‌ಬುಕ್ಕೇ ಸೇವೆಯ ಸಾಕ್ಷಿ.

ಪಿಎಫ್ ಕ್ಲೇಮಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ನೂರಕ್ಕೆ ಇಷ್ಟು ಕೊಟ್ಟರೆ ಬಿಡಿಸಿಕೊಡುತ್ತೇನೆ ಎನ್ನುವ ಏಜೆಂಟರು ಮಾಡುವುದು ಮೊಬೈಲಿನಲ್ಲೇ ಆಗುವ ಕೆಲಸ. ಅದಕ್ಕಾಗಿ ಒಂದು ಕುಟುಂಬದ ಎರಡು ತಿಂಗಳ ರೇಷನ್ನಿನ ದುಡ್ಡು ಕಿತ್ತುಕೊಳ್ಳುವುದು ನಾಚಿಕೆಗೇಡು. ಓಟಿಪಿಯನ್ನು ಅವರಿಗೆ ಹೇಳುವುದೆಂದರೆ ಖಾತೆಯ ಬೀಗದ ಕೈ ಕೊಟ್ಟಂತೆ. ಕ್ಲೇಮ್ ತಿರಸ್ಕೃತವಾಗುವುದು ಹೆಚ್ಚಾಗಿ ಹೆಸರಿನಿಂದ: ಆಧಾರ್‌ನಲ್ಲಿ ಗಂಡನ ಹೆಸರು, ಪಿಎಫ್‌ನಲ್ಲಿ ತಂದೆಯ ಹೆಸರು, ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಇಲ್ಲ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕ ನಮೂದಿಸದಿದ್ದರೆ, ಕೊನೆಯ ಕಂತು ಜಮೆಯಾದ ಎರಡು ತಿಂಗಳ ಬಳಿಕ ಸದಸ್ಯರೇ ನಮೂದಿಸಬಹುದು. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ಪಿಎಫ್ ಅಹವಾಲು ಶಿಬಿರಕ್ಕೂ ಹೋಗಬಹುದು.

ಎಷ್ಟು ತೆಗೆಯಬಹುದು ಎಂಬ ನಿಯಮ ಬದಲಾಗುತ್ತಿದೆ. ಮೊದಲು ಎರಡು ತಿಂಗಳು ಕೆಲಸವಿಲ್ಲದಿದ್ದರೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರಂದು ಪಿಎಫ್ ಟ್ರಸ್ಟಿಗಳ ಮಂಡಳಿ ಮುಕ್ಕಾಲು ಪಾಲು ಕೂಡಲೇ, ಪೂರ್ತಿ ಹಣ 12 ತಿಂಗಳ ನಂತರ, ಪಿಂಚಣಿಯ ಭಾಗ 36 ತಿಂಗಳ ನಂತರ ಎಂದು ತೀರ್ಮಾನಿಸಿತು. ಅರ್ಜಿಯ ದಿನ ಯಾವುದು ಜಾರಿಯಲ್ಲಿದೆ ಎಂದು ಪಿಎಫ್ ಕಚೇರಿಯಲ್ಲೇ ಕೇಳಬೇಕು, ಏಜೆಂಟರಲ್ಲಿ ಅಲ್ಲ. ಪಿಎಫ್ ಹಣದ ಮೇಲೆ ನಿರ್ಬಂಧ ಹೇರಹೊರಟಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದು ಕೇಂದ್ರ ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದ್ದರು. ಅವರಿಗೆ ಬೇರೆ ಉಳಿತಾಯವೇ ಇರಲಿಲ್ಲ. ಹಾಗಿದ್ದರೂ ಪಿಂಚಣಿಯ ಭಾಗವನ್ನು ಮುಟ್ಟದಿರುವುದೇ ಲೇಸು. ಹತ್ತು ವರ್ಷ ತುಂಬಿದರೆ 58ರಿಂದ ಪಿಂಚಣಿ ಬರುತ್ತದೆ. ಸ್ಕೀಮ್ ಸರ್ಟಿಫಿಕೇಟ್ ಪಡೆದರೆ ಹಳೆಯ ಸೇವೆ ಮುಂದಿನ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಐದು ವರ್ಷದೊಳಗೆ ಪಿಎಫ್ ತೆಗೆದರೆ ತೆರಿಗೆ ಬೀಳಬಹುದು. ಮಾಲೀಕ ವ್ಯವಹಾರವನ್ನೇ ಮುಚ್ಚಿದ್ದರೆ ಬೀಳುವುದಿಲ್ಲ. ಇಲ್ಲಿಯೂ ‘ಸ್ವಂತ ಕಾರಣ’ ಎಂಬ ಆ ಎರಡು ಪದ ಅಡ್ಡ ಬರುತ್ತವೆ.

ಇಎಸ್‌ಐ ಕೊಡುವ ನಿರುದ್ಯೋಗ ನೆರವು ಬಹಳ ಜನರಿಗೆ ಗೊತ್ತೇ ಇಲ್ಲ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ದಿನದ ಸರಾಸರಿ ಗಳಿಕೆಯ ಅರ್ಧದಷ್ಟು, 90 ದಿನದವರೆಗೆ, ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಅರ್ಜಿ ಹಾಕಬಹುದು. ಇದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾರೆ, ಹಾಗಾಗಿ ಮೊದಲು ವಿಚಾರಿಸಬೇಕು. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್ ಆಗಿ ಕೆಲಸ ಹೋದವರಿಗೆ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಇನ್ನೂ ದೊಡ್ಡದು, 24 ತಿಂಗಳವರೆಗೂ ಭತ್ಯೆ ಕೊಡುತ್ತದೆ. ರಾಜೀನಾಮೆ ಕೊಟ್ಟವರಿಗೆ ಅದು ಇಲ್ಲ.

ದೂರು ಕೊಡಬೇಕಾದದ್ದು ಕಾರ್ಖಾನೆ ಇರುವ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗೆ. ಎಚ್.ಡಿ.ಕೋಟೆಯ ಕೆಲಸಗಾರ ಮೈಸೂರಿನ ಕಾರ್ಖಾನೆಯ ಮೇಲೆ ಮೈಸೂರಿನಲ್ಲೇ ಅರ್ಜಿ ಕೊಡಬೇಕು. ‘ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ’ ಎಂದು ವಾಪಸ್ ಕಳುಹಿಸುವ ಗುಮಾಸ್ತರಿಗೆ ಆ ಹಕ್ಕಿಲ್ಲ. ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡನ್ನೂ ಕಳೆದುಕೊಂಡು ಬಂದವರನ್ನು ಸಾಹೇಬರಿಲ್ಲವೆಂದು ಎಬ್ಬಿಸಿ ಕಳುಹಿಸುವುದು ಸಣ್ಣ ಅನ್ಯಾಯವಲ್ಲ. ಅರ್ಜಿಯ ಎರಡನೇ ಪ್ರತಿಗೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬಾರದು. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನವಾದರೂ ಇತ್ಯರ್ಥವಾಗದಿದ್ದರೆ ಕೆಲಸಗಾರನೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅಧಿಕಾರಿಯ ವರದಿಗೆ ಕಾಯಬೇಕಾಗಿಲ್ಲ. ಹೊಸ ಸಂಹಿತೆಯಲ್ಲಿ ಇದಕ್ಕೆ ಕೆಲಸ ಹೋದ ದಿನದಿಂದ ಎರಡು ವರ್ಷ ಗಡುವು, ಹಿಂದೆ ಮೂರು ವರ್ಷವಿತ್ತು.

ಹೋಟೆಲು, ಅಂಗಡಿ ಕೆಲಸಗಾರರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಇದೆ. ಆರು ತಿಂಗಳು ಸತತವಾಗಿ ದುಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ. ಗುತ್ತಿಗೆದಾರನ ಮೂಲಕ ದುಡಿಯುವವರಿಗೆ ಆತ ಸಂಬಳ ಬಾಕಿಯಿಟ್ಟು ನಾಪತ್ತೆಯಾದರೆ ಮೂಲ ಕಾರ್ಖಾನೆಯೇ ಕೊಡಬೇಕು. ಬೈಲಕುಪ್ಪೆಯ ಟಿಬೆಟನ್ ಯುವಕ ಯುವತಿಯರಿಗೂ ಪರಿಹಾರದ ಹಕ್ಕು ಇದೆ. ಕಾನೂನಿನಲ್ಲಿ ಕೆಲಸಗಾರನೆಂದರೆ ದುಡಿಯುವ ಯಾವುದೇ ವ್ಯಕ್ತಿ, ಪೌರತ್ವದ ಪ್ರಶ್ನೆ ಅಲ್ಲಿಲ್ಲ.

ಹಣ ಕೈಗೆ ಬರುವ ಮೊದಲೇ ಕಿರುಸಾಲ ಸಂಘದ ಕಂತಿನವರು ಬಾಗಿಲಿಗೆ ಬರುತ್ತಾರೆ. ಕಂತು ತಪ್ಪುವ ಮೊದಲೇ ಕೆಲಸ ಹೋದ ಸಂಗತಿಯನ್ನು ಬರಹದಲ್ಲಿ ತಿಳಿಸಿ ಅವಧಿ ಕೇಳಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಪೀಡಿಸುವುದು ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ನೋಂದಣಿಯಿಲ್ಲದೆ ಸಾಲ ಕೊಟ್ಟು ಬೆದರಿಸುವವರ ಮೇಲೆ 2025ರ ಕರ್ನಾಟಕ ಕಿರುಸಾಲ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬಹುದು. ಒಂದು ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದರೆ ಬಂದ ಪರಿಹಾರವೂ ಬಡ್ಡಿಗೇ ಹೋಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಬಿಟ್ಟುಬಿಡುವವರು ಬಹಳ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಿಯೂ ಕೇಳಬಹುದು.