ಪಕ್ಕದ ಮನೆಯ ರಾಜು ಮತ್ತು ನನ್ನ ಹೆದರಿಕೆ

ಪ್ರಶ್ನೆ: ನನಗೀಗ 51 ವರ್ಷ. ಎಂಟನೇ ವಯಸ್ಸಿನಲ್ಲಿ ನಾಯಿ ಕಚ್ಚಿ, ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವಳು. ಅಂದಿನಿಂದ ನಾಯಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ಪಕ್ಕದ ಮನೆಯವರು ರಾಜು ಅಂತ ಒಂದು ನಾಡನಾಯಿ ಸಾಕಿದ್ದಾರೆ. ಬೆಳಿಗ್ಗೆ ನಾನು ಹೂ ಕೊಯ್ಯುವಾಗ ಅದು ಬಂದು ದಾಸವಾಳದ ಗಿಡದ ಆಚೆ ಕೂರುತ್ತದೆ. ಹೀಗೇ ಒಂದು ವರ್ಷವಾಯಿತು. ಮೊನ್ನೆ ಮೆಟ್ಟಿಲ ಮೇಲೆ ಕೂತಿದ್ದಾಗ ಮೆಲ್ಲಗೆ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟಿತು. ಮೈ ಮರಗಟ್ಟಿತು, ಆದರೂ ಎದ್ದು ಓಡಬೇಕು ಅನ್ನಿಸಲಿಲ್ಲ. ಅವನನ್ನು ಮುಟ್ಟಬಹುದೇ? ಹೇಗೆ? ಮನೆಯಲ್ಲಿ ಎಲ್ಲರೂ ನಗುತ್ತಾರೆ.
– ಓದುಗರು, ಸಾಗರ

ಉತ್ತರ: ಹೆದರಿಕೆ ಹೋಗಿಲ್ಲ, ಅಕ್ಕರೆಯೂ ಹುಟ್ಟಿಬಿಟ್ಟಿದೆ, ಎರಡೂ ಒಟ್ಟಿಗೆ ಇರುವುದುಂಟೇ ಎಂಬುದು ನಿಮ್ಮ ಗೊಂದಲ. ಖಂಡಿತ ಉಂಟು. ನಾಚಿಕೊಳ್ಳುವಂಥದ್ದೇನೂ ಇದರಲ್ಲಿಲ್ಲ. ಎಂಟು ವರ್ಷದ ಮಗುವಿನ ಹೊಟ್ಟೆಗೆ ಹದಿನಾಲ್ಕು ಸಲ ಸೂಜಿ ಎಂದರೆ ಕೇಳಿದವರಿಗೇ ನಡುಕ ಬರುತ್ತದೆ. ನಿಮ್ಮ ನೆನಪಿನಲ್ಲಿ ನಾಯಿಯ ಹಲ್ಲಿಗಿಂತ ಆ ಸೂಜಿಯೇ ಆಳಕ್ಕೆ ಇಳಿದಿರಬಹುದು. ಆ ಹಳೆಯ ಲಸಿಕೆ (ಕುರಿಯ ಮಿದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದದ್ದು) ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗ ತೋಳಿಗೆ ಕೆಲವೇ ಸಲ ಚುಚ್ಚುತ್ತಾರೆ.

ಇನ್ನೊಂದು ವಿಷಯ. ಪತ್ರದ ಉದ್ದಕ್ಕೂ ‘ಅದು’ ಎಂದು ಬರೆದ ನೀವು ಕೊನೆಗೆ ‘ಅವನನ್ನು’ ಎಂದಿದ್ದೀರಿ. ಗಮನಿಸಿದಿರಾ?

ರಾಜು ನಿಮ್ಮನ್ನೇ ಹುಡುಕಿಕೊಂಡು ಬಂದದ್ದಕ್ಕೆ ನಿಮ್ಮ ಹೆದರಿಕೆಯೂ ಒಂದು ಕಾರಣ ಎಂದರೆ ನಂಬುತ್ತೀರಾ? ನಾಯಿಯೆಂದರೆ ಪ್ರಾಣ ಎನ್ನುವವರು ನೇರ ಎದುರಿಗೆ ಬಂದು, ಮೇಲಿನಿಂದ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ತಲೆಗೇ ಕೈ ಹಾಕುತ್ತಾರೆ. ಪರಿಚಯವಿಲ್ಲದವರು ಹೀಗೆ ಮಾಡಿದರೆ ಬಹಳಷ್ಟು ನಾಯಿಗಳಿಗೆ ಕಿರಿಕಿರಿ. ನೀವೋ ಅಂಜಿಕೊಂಡು ಪಕ್ಕಕ್ಕೆ ತಿರುಗಿ ನಿಂತಿರಿ, ದಿಟ್ಟಿಸಲಿಲ್ಲ, ಕೈ ಚಾಚಲಿಲ್ಲ. ನಾಯಿಯ ಲೆಕ್ಕದಲ್ಲಿ ಇದು ಮರ್ಯಾದಸ್ಥರ ನಡವಳಿಕೆ!

ಹೂ ಕೊಯ್ಯುತ್ತ ನೀವು ಮಾಡಿದ್ದಕ್ಕೆ ಕ್ರಮೇಣ ಒಗ್ಗಿಸುವಿಕೆ (ಅಂಜಿಕೆಯ ವಸ್ತುವಿಗೆ ಸ್ವಲ್ಪಸ್ವಲ್ಪವಾಗಿ ಹತ್ತಿರವಾಗುವುದು) ಎನ್ನುತ್ತಾರೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನು ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದಿನದಿನಕ್ಕೂ ಒಂದಿಷ್ಟು ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಎತ್ತಿಕೊಂಡು ಸವರಿದ. ಆದರೆ ನಡುವೆ ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ಹೊರಬರುವಾಗ ದೊಡ್ಡದೊಂದು ನಾಯಿ ಮೈಮೇಲೆ ಹಾರಿ, ಹಳೆಯ ಭಯವೆಲ್ಲ ಮರಳಿತ್ತು. ಮತ್ತೆ ಮೊದಲಿನಿಂದ ಶುರುಮಾಡಿದರು. ನಿಮಗೂ ಅಂಥ ದಿನ ಬರಬಹುದು. ಬಂದರೆ ನಾಲ್ಕು ಹೆಜ್ಜೆ ಹಿಂದೆ ಸರಿದು, ದಾಸವಾಳದ ಗಿಡದ ಈಚೆಯಿಂದಲೇ ಪುನಃ ಆರಂಭಿಸಿ.

ಈಗ ಮುಟ್ಟುವ ವಿಷಯ. ಮೊದಲಿನಂತೆ ಪಕ್ಕಕ್ಕೆ ತಿರುಗಿ ಮೆಟ್ಟಿಲ ಮೇಲೆ ಕೂರಿ. ಕೈ ನಿಮ್ಮ ಮಂಡಿಯ ಮೇಲೇ ಇರಲಿ. ರಾಜು ಬಂದು ಮೂಸಿ ನೋಡಲಿ. ನಿಂತೇ ಇದ್ದರೆ, ಬೆರಳುಗಳ ಹಿಂಬದಿಯಿಂದ ಗದ್ದದ ಕೆಳಗೆ ಅಥವಾ ಎದೆಯ ಬದಿಗೆ, ಒಂದು ಎರಡು ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆಯಿರಿ. ಮೂತಿಯಿಂದ ನೂಕಿ ಇನ್ನೂ ಬೇಕೆಂದರೆ ಮುಂದುವರಿಸಿ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ ಅಂದಿಗೆ ಸಾಕು. ಬಾಲವನ್ನು ಮಾತ್ರ ನೆಚ್ಚಬೇಡಿ. ಸೊಂಟವೂ ಬಳುಕುವಂತೆ ಸಡಿಲವಾಗಿ ಆಡಿದರೆ ಖುಷಿ. ನೆಟ್ಟಗೆ ಮೇಲೆದ್ದು ಬಿರುಸಾಗಿ ಆಡುತ್ತಿದ್ದರೆ ದೂರವಿರುವುದು ಒಳ್ಳೆಯದು.

ನಗುವವರು ನಗಲಿ. ಆದರೆ ‘ಹಿಡ್ಕೋ, ಏನೂ ಮಾಡಲ್ಲ’ ಎಂದು ಯಾರಾದರೂ ನಿಮ್ಮ ಕೈ ಹಿಡಿದು ನಾಯಿಯ ತಲೆ ಮೇಲೆ ಇಡಲು ಬಂದರೆ ಬೇಡವೆನ್ನಿ.

ಪಕ್ಕದ ಮನೆಯವರಿಗೆ ಹೇಳುವುದನ್ನು ಮರೆಯಬೇಡಿ. ರಾಜು ಅವರ ಮನೆಯವನು. ಲಸಿಕೆ ಹಾಕಿಸಿದ್ದಾರೆಯೇ, ಏನು ತಿನ್ನಿಸಬಹುದು ಎಂದು ಕೇಳಿಕೊಳ್ಳಿ. ಮಿಕ್ಕ ಉಪ್ಪಿಟ್ಟು ಹಾಕುವ ಆಸೆಯಾದೀತು. ಈರುಳ್ಳಿ ನಾಯಿಗೆ ವಿಷ. ಪಾಯಸದ ದ್ರಾಕ್ಷಿಯೂ ಅಷ್ಟೇ. ಆಡುವಾಗ ಹಲ್ಲೋ ಉಗುರೋ ತಾಗಿ ಗಾಯವಾದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಆ ಹದಿನಾಲ್ಕರ ಕಾಲ ಈಗಿಲ್ಲ.

ಪ್ರಶ್ನೆ: ನಾಯಿ ಭಯ ಬಿಟ್ಟು ಮಗಳ ಮನೆಯ ಮುಧೋಳ ನಾಯಿಯನ್ನು ಮಾತಾಡಿಸಲು ಹತ್ತು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಎದ್ದು ಆಚೆ ಹೋಗುತ್ತದೆ. ನಾನೆಂದರೆ ಆಗುವುದಿಲ್ಲವೇ?
– ಓದುಗರು, ಧಾರವಾಡ

ಉತ್ತರ: ಇಷ್ಟು ಧೈರ್ಯ ಮಾಡಿದ ಮೇಲೆ ಹೀಗಾದರೆ ಬೇಸರವಾಗುವುದು ಸಹಜ. ಆದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಯಲಿನಲ್ಲಿ ಮೊಲ ಬೆನ್ನಟ್ಟಲೆಂದು ಬೆಳೆದ ತಳಿ ಅದು. ಹೊರಗಿನವರು ಮೈ ಮುಟ್ಟುವುದೆಂದರೆ ಅದಕ್ಕೆ ಸಾಮಾನ್ಯವಾಗಿ ಸೇರದು. ಎದ್ದು ಹೋಗುವುದು ನಾಯಿ ಸಭ್ಯವಾಗಿ ‘ಈಗ ಬೇಡ’ ಎನ್ನುವ ರೀತಿ. ಹಿಂದೆ ಹೋಗಬೇಡಿ. ಸಂಜೆ ಮಗಳು ಅದನ್ನು ವಾಕಿಂಗಿಗೆ ಕರೆದೊಯ್ಯುವಾಗ ನೀವೂ ಹೊರಡಿ. ಹಗ್ಗ ಅವರ ಕೈಯಲ್ಲೇ ಇರಲಿ, ನೀವು ಮಗಳ ಇನ್ನೊಂದು ಬದಿಗೆ ನಡೆಯಿರಿ, ನಾಯಿಯ ಸುದ್ದಿ ಬಿಟ್ಟು ಬೇರೇನಾದರೂ ಮಾತಾಡಿ. ಒಂದು ತಿಂಗಳು ಹೀಗೆ ಮಾಡಿ ಮತ್ತೆ ಬರೆಯಿರಿ.