ವೈಜ್ಞಾನಿಕ ಕಥಾಚಿತ್ರದ ಲಕ್ಷಣವೇನು?

ತೆರೆಯ ಮೇಲೆ ರಾಕೆಟ್ಟು ಕಾಣಿಸಿಕೊಂಡ ಮಾತ್ರಕ್ಕೆ ಚಿತ್ರವು ವೈಜ್ಞಾನಿಕ ಕಥಾಚಿತ್ರವೆನಿಸಲಾರದು. ಅದರ ಲಕ್ಷಣವನ್ನರಿಯಲು, ಜರ್ಮನಿಯಲ್ಲಿ ಫ್ರಿಟ್ಸ್ ಲಾಂಗ್ ನಿರ್ದೇಶಿಸಿ 1929ರಲ್ಲಿ ಬಿಡುಗಡೆಯಾದ 'ಚಂದ್ರನಲ್ಲಿ ಮಹಿಳೆ' ಎಂಬ ಮೂಕಚಿತ್ರವನ್ನು ನಾವು ಪರಿಶೀಲಿಸೋಣ. ರಾಕೆಟ್ ತಜ್ಞ ಹರ್ಮನ್ ಓಬರ್ಟ್ ಅದಕ್ಕೆ ಸಲಹೆಗಾರರಾಗಿದ್ದರು.

ಭೂಮಿಯ ಆಕರ್ಷಣೆಯನ್ನು ಮೀರಲು ಮಹಾವೇಗ ಬೇಕು. ಆದುದರಿಂದ ಚಿತ್ರದ ರಾಕೆಟ್ಟು ಇಂಧನ ತೀರಿದ ಹಂತಗಳನ್ನು ಕಳಚಿಕೊಂಡು ಹಗುರಾಗುತ್ತದೆ. ವೇಗವು ತೀವ್ರವಾಗಿ ಏರುವಾಗ ದೇಹದ ಮೇಲೆ ಒತ್ತಡ ಬೀಳುತ್ತದೆ. ಆದುದರಿಂದ ಯಾತ್ರಿಕರು ಮಲಗಿಕೊಂಡೇ ಹೊರಡುತ್ತಾರೆ. ಆದರೆ ಚಂದ್ರನ ಮೇಲೆ ಅವರು ಸರಾಗವಾಗಿ ಉಸಿರಾಡುತ್ತಾರೆ! ಅಲ್ಲಿ ಅಂಥ ವಾಯುಮಂಡಲವಿಲ್ಲ.

ಈ ದೋಷವಿದ್ದರೂ ನಾವು ಅದನ್ನು ವೈಜ್ಞಾನಿಕ ಕಥಾಚಿತ್ರವೆಂದೇ ಕರೆಯುತ್ತೇವೆ. ಏಕೆ? ಮಂತ್ರದ ಕಥೆಯಲ್ಲಿ ಅದ್ಭುತಕ್ಕೆ ಕಾರಣ ಬೇಕಿಲ್ಲ. ಇಲ್ಲಿ ಅದ್ಭುತವೂ ಕಾರಣದಿಂದ ಹುಟ್ಟಬೇಕು. 'ಹೀಗಾದರೆ ಮುಂದೇನು?' ಎಂಬ ಪ್ರಶ್ನೆಯನ್ನು ತರ್ಕದಿಂದ ಬೆನ್ನಟ್ಟುವುದೇ ಈ ಪ್ರಕಾರದ ಲಕ್ಷಣ.