ಮರುಗ ಸಾಯುವುದು ಬಿಸಿಲಿಗಲ್ಲ

"ನಮ್ಮ ಬಿಸಿಲಿಗೆ ಮರುಗ ಬದುಕೂದಿಲ್ಲರೀ" ಎಂಬ ಮಾತನ್ನು ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ನಾವೂ ಹಾಗೆಯೇ ನಂಬಿದ್ದೆವು. ಅಂಗಳದ ಎರೆಮಣ್ಣಿನಲ್ಲಿ ಎರಡು ಸಲ ಹಚ್ಚಿದೆವು. ಎರಡು ಸಲವೂ ಮೇ ತಿಂಗಳ ಉರಿಯನ್ನು ದಾಟಿದ ಗಿಡ ಸೆಪ್ಟೆಂಬರ್ ಮಳೆಯಲ್ಲಿ ಕಪ್ಪಾಗಿ ಸತ್ತಿತು. ಕಿತ್ತು ನೋಡಿದರೆ ಬೇರು ಕೊಳೆತು ನಾರುತ್ತಿತ್ತು.

ಮಾಲೆಯಲ್ಲಿ ಮಲ್ಲಿಗೆಯ ನಡುವೆ ಕಟ್ಟುವ ಈ ಮರುಗ, ಮರಾಠಿಯವರ ಮರವಾ, ಓರೆಗಾನೊ ಕುಲದ್ದು. (ದವನದ ಕುಲ ಬೇರೆ.) ಅಲಂಕಾರಕ್ಕೆ ಬೆಳೆಸುವ ಓರೆಗಾನೊಗಳೂ ಇದರ ದಾಯಾದಿಗಳೇ. ಪವಿತ್ರ ಗ್ರಂಥದ ವಿಮೋಚನಕಾಂಡದಲ್ಲಿ ಬರುವ ಹಿಸ್ಸೋಪ್ ಗಿಡವೂ ಇದೇ ಕುಲದ್ದೆಂದು ಹಲವು ಪಂಡಿತರ ಅಭಿಪ್ರಾಯ. ಇವುಗಳ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳು. ಅಲ್ಲಿ ಬೇಸಿಗೆ ಒಣ, ಮಳೆ ಚಳಿಗಾಲದಲ್ಲಿ. ನಮ್ಮಲ್ಲಿ ಮಳೆ ಬೀಳುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದೂ ಎರೆಯ ಮೇಲೆ. ಎರೆ ನೀರು ಕುಡಿದು ಉಬ್ಬಿತೆಂದರೆ ಅದರಲ್ಲಿ ಗಾಳಿಯಾಡದು. ಹಿಂಗಾರಿ ಜೋಳಕ್ಕೆ ಆ ತೇವವೇ ಆಧಾರ. ಮರುಗಕ್ಕೆ ಅದೇ ಸಾವು. ಎರೆಯಲ್ಲಿರುವ ಸುಣ್ಣದಿಂದೇನೂ ತೊಂದರೆಯಿಲ್ಲ.

ಆದ್ದರಿಂದ ಕುಂಡದಲ್ಲಿ, ಇಲ್ಲವೆ ಒಂದು ಅಡಿ ಎತ್ತರದ ಕಟ್ಟೆಯಲ್ಲಿ ಹಚ್ಚಿರಿ. ಗರಸು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅರ್ಧ ಪಾಲು ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಪರಿಮಳ ಇಳಿಯುತ್ತದೆ. ತಳದಲ್ಲಿ ಕಲ್ಲು ತುಂಬಿದರೆ ನೀರು ಬೇಗ ಬಸಿಯುತ್ತದೆಂಬುದು ತಪ್ಪು ತಿಳುವಳಿಕೆ. ತೂತು ದೊಡ್ಡದಿರಲಿ, ಕುಂಡ ಎರಡು ಇಟ್ಟಿಗೆಯ ಮೇಲಿರಲಿ.

ಮಳೆ ಮುಗಿದ ಮೇಲೆ ಹೂಬಿಡದ ಕುಡಿಯನ್ನು 3-4 ಅಂಗುಲ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಮರಳಿನಲ್ಲಿ ಊರಿ ನೆರಳಿಗಿಡಿರಿ. ಸುಮಾರು ಒಂದು ತಿಂಗಳಿಗೆ ಬೇರು ಬಿಡುತ್ತದೆ. ಆಮೇಲೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಏಪ್ರಿಲ್-ಮೇ ಮಧ್ಯಾಹ್ನ ಮಾತ್ರ ಮರೆ ಮಾಡಿರಿ. ಬೆರಳು ಊರಿ ನೋಡಿ, ಮಣ್ಣು ಒಂದು ಅಂಗುಲ ಒಣಗಿದ್ದರಷ್ಟೇ ನೀರು. ಜೂನ್ ಬಂದೊಡನೆ ಕುಂಡವನ್ನು ಬೆಳಕಿರುವ ಸೂರಿನಡಿ ಸರಿಸಿರಿ.

ಕೆಮ್ಮಿಗೆ ಮನೆಮನೆಯಲ್ಲಿ ಹಿಂಡಿ ಕುಡಿಸುವ ದೊಡ್ಡಪತ್ರೆ, ಅಂದರೆ ಪಾನ್ ಓವಾ, ಓರೆಗಾನೊ ಅಲ್ಲ, ವಾಸನೆಯಷ್ಟೇ ಹತ್ತಿರದ್ದು. ಅದಕ್ಕೂ ಇದೇ ಕುಂಡದ ಪದ್ಧತಿ ನಡೆಯುತ್ತದೆ. ಎಲೆಯ ಚಟ್ನಿ, ಭಜಿ ತಿನ್ನಲಡ್ಡಿಯಿಲ್ಲ. ಆದರೆ ಸೀಸೆಯಲ್ಲಿ ಬರುವ ಓರೆಗಾನೊ ಎಣ್ಣೆಯನ್ನು ಕೂಸುಗಳಿಗೆ ಕುಡಿಸಲೂ ಬೇಡಿರಿ, ಹಚ್ಚಲೂ ಬೇಡಿರಿ. ಕೆಮ್ಮು ಎರಡು ವಾರ ದಾಟಿದರೆ ಎಲೆ ಹಿಂಡುತ್ತ ಕೂಡ್ರದೆ ಸರಕಾರಿ ದವಾಖಾನೆಗೆ ಹೋಗಿ ಕಫ ತೋರಿಸಿರಿ. ಕ್ಷಯದ ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ.